ಫತ್ವಾ ಎಂದರೆ ಉತ್ತರ

ಕೇಳುಗರಿಗೆ ನಮಸ್ಕಾರ. ಫತ್ವಾ ಎಂದರೆ ಉತ್ತರ. ಆಜ್ಞೆಯಲ್ಲ, ತೀರ್ಪೂ ಅಲ್ಲ. ಯಾರೋ ಕೇಳಿದ ಪ್ರಶ್ನೆಗೆ ಧರ್ಮಶಾಸ್ತ್ರ ಬಲ್ಲ ಮುಫ್ತಿ ಕೊಡುವ ಉತ್ತರ. ‘ಫತ್ವಾ ಹೊರಡಿಸಿದರು’ ಎಂದು ಎಷ್ಟು ಸಲ ಓದಿದ್ದೀರಿ! ದಯವಿಟ್ಟು ‘ಕೊಟ್ಟರು’ ಎನ್ನಿ.

ಉತ್ತರ ಪ್ರದೇಶದ ದೇವಬಂದ್‌ನಂಥ ದೊಡ್ಡ ಮದರಸಾಗಳಲ್ಲಿ ದಾರುಲ್ ಇಫ್ತಾ ಎಂಬ, ಫತ್ವಾ ಕೊಡುವ ವಿಭಾಗ ಇರುತ್ತದೆ. ಪ್ರಶ್ನೆ ಬರೆದುಕೊಡಬೇಕು. ಮುಫ್ತಿ ಕುರ್‌ಆನ್, ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ), ಫಿಕ್ಹ್ (ಧರ್ಮಶಾಸ್ತ್ರ) ಗ್ರಂಥಗಳನ್ನು ನೋಡಿ ಉತ್ತರ ಬರೆದು, ಕೊನೆಗೆ ‘ಅಲ್ಲಾಹನೇ ಚೆನ್ನಾಗಿ ಬಲ್ಲ’ ಎಂದು ಸೇರಿಸಿ ಸಹಿ, ಮೊಹರು ಹಾಕುತ್ತಾರೆ. ಎದುರು ಪಕ್ಷದವರನ್ನು ಕರೆಸುವುದಿಲ್ಲ, ಸಾಕ್ಷಿ ಕೇಳುವುದಿಲ್ಲ. ಅದು ಖಾಜಿಯ, ಅಂದರೆ ನ್ಯಾಯಾಧೀಶರ ಕೆಲಸ. ಕೇಳಿದವರು ಅರ್ಧ ಸಂಗತಿ ಮುಚ್ಚಿಟ್ಟರೆ ಉತ್ತರವೂ ಅಡ್ಡದಾರಿ ಹಿಡಿಯುತ್ತದೆ. ಎಷ್ಟೋ ಪ್ರಶ್ನೆಗಳಲ್ಲಿ ನಿಜವಾದ ಹೆಸರೂ ಇರುವುದಿಲ್ಲ. ನಮ್ಮ ‘ರಾಮ, ಸೋಮ’ ಎಂಬಂತೆ ಜೈದ್, ಬಕರ್ ಎಂದಿರುತ್ತದೆ.

ಇಂಥ ಕಾಗದಕ್ಕೆ ಬಲ ಎಲ್ಲಿಂದ ಬರುತ್ತದೆ? ಇರಾನಿನ ತಂಬಾಕಿನ ಪ್ರಸಂಗ ಕೇಳಿ. 1890ರಲ್ಲಿ ದೊರೆ ನಾಸಿರುದ್ದೀನ್ ಶಾ ದೇಶದ ಇಡೀ ತಂಬಾಕು ವ್ಯಾಪಾರವನ್ನು 50 ವರ್ಷಕ್ಕೆ ಟಾಲ್ಬಟ್ ಎಂಬ ಬ್ರಿಟಿಷನಿಗೆ ಬರೆದುಕೊಟ್ಟ. ಪ್ರತಿಯಾಗಿ ವರ್ಷಕ್ಕೆ 15,000 ಪೌಂಡ್, ಲಾಭದಲ್ಲಿ ಕಾಲು ಪಾಲು. ಬೆಳೆದವನು ಕಂಪನಿಗೇ ಮಾರಬೇಕು, ಸೇದುವವನು ಕಂಪನಿಯದನ್ನೇ ಕೊಳ್ಳಬೇಕು. ಶಿರಾಜ್, ತಬ್ರೀಜ್‌ಗಳಲ್ಲಿ ವರ್ತಕರೂ ಉಲೇಮಾಗಳೂ (ಧರ್ಮ ವಿದ್ವಾಂಸರು) ತಿರುಗಿಬಿದ್ದರು. 1891ರ ಡಿಸೆಂಬರಿನಲ್ಲಿ ಶಿಯಾಗಳ ಹಿರಿಯ ವಿದ್ವಾಂಸ ಮಿರ್ಜಾ ಹಸನ್ ಶಿರಾಜಿಯವರ ಹೆಸರಿನ ಪುಟ್ಟ ಫತ್ವಾ ಟೆಹರಾನಿಗೆ ಬಂತು: ತಂಬಾಕು ಸೇದುವುದು ಹರಾಮ್, ಅಂದರೆ ನಿಷಿದ್ಧ. ಶಿರಾಜಿಯವರು ಇದ್ದದ್ದು ಇರಾನಿನಲ್ಲೂ ಅಲ್ಲ, ಆಟೊಮನ್ ತುರ್ಕರ ಆಳ್ವಿಕೆಯಲ್ಲಿದ್ದ, ಇಂದಿನ ಇರಾಕಿನ ಸಮರ್ರಾದಲ್ಲಿ. ಸೈನ್ಯವಿಲ್ಲ, ಪೊಲೀಸರಿಲ್ಲ. ಆದರೂ ಊರೂರಲ್ಲಿ ಹುಕ್ಕಾ ಮೂಲೆ ಸೇರಿತು. ಶಾನ ಅಂತಃಪುರದ ಹೆಂಗಸರೂ ಬಿಟ್ಟರು! ಟೆಹರಾನಿನ ವಿದ್ವಾಂಸ ಆಷ್ತಿಯಾನಿಯವರಿಗೆ, ಎಲ್ಲರೆದುರು ಹುಕ್ಕಾ ಸೇದಬೇಕು, ಇಲ್ಲವೇ ಊರು ಬಿಡಬೇಕು ಎಂದು ಅರಮನೆಯಿಂದ ಹೇಳಿಕಳಿಸಿದರು. ಅವರು ಊರು ಬಿಡಲು ಸಿದ್ಧರಾದರು. ಜನ ಅರಮನೆಯನ್ನು ಮುತ್ತಿದರು, ಗುಂಡು ಹಾರಿತು, ಹೆಣಗಳು ಬಿದ್ದವು. 1892ರ ಜನವರಿಯಲ್ಲಿ ಒಪ್ಪಂದ ಪೂರ್ತಿ ರದ್ದಾಯಿತು. ಆಮೇಲೆ ಶಾ 5 ಲಕ್ಷ ಪೌಂಡ್ ಸಾಲ ಎತ್ತಿ ಕಂಪನಿಗೆ ಪರಿಹಾರ ಕೊಡಬೇಕಾಯಿತು. ನಂಬಿದ ಜನರೇ ಆ ಉತ್ತರದ ಬಲ.

ಸಮಯ ಮುಗಿಯುತ್ತಾ ಬಂತು. ನಮ್ಮ ದೇಶದ್ದನ್ನು ಬೇಗ ಹೇಳಿಬಿಡುತ್ತೇನೆ. 2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಫತ್ವಾಕ್ಕೆ ಕಾನೂನಿನ ಮಾನ್ಯತೆ ಇಲ್ಲ, ಬಲವಂತದಿಂದ ಹೇರಿದರೆ ಅದು ಕಾನೂನುಬಾಹಿರ. ಒಬ್ಬರ ಬದುಕಿನ ವಿಷಯದಲ್ಲಿ ಸಂಬಂಧವಿಲ್ಲದ ಮೂರನೆಯವರು ಬಂದು ಕೇಳಿದರೆ ಉತ್ತರ ಕೊಡದಿರುವುದೇ ಒಳ್ಳೆಯದೆಂದೂ ಹೇಳಿದೆ. ಆದ್ದರಿಂದ ಇನ್ನು ಮುಂದೆ ಫತ್ವಾದ ಸುದ್ದಿ ಬಂದಾಗ ಮೊದಲು ಪ್ರಶ್ನೆಯ ಕಾಗದ ತೋರಿಸಿ ಎನ್ನಿ. ಕೇಳಿದವರು ಯಾರು, ಕೇಳಿದ್ದು ಏನು?