ಯಾವ ನೀರು ಸ್ವಾಮಿ, ಎಷ್ಟು ಡಿಗ್ರಿ?

ನಮಸ್ಕಾರ. ಡಬ್ಲ್ಯೂಪಿಸಿ, ಅಂದ್ರೆ ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡೋ ಹಲಗೆ, ನೀರು ಕುಡಿಯುತ್ತೆ ಅಂತ ಕಳೆದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಡಬ್ಲ್ಯೂಪಿಸಿ ತುಂಡನ್ನ ಇಡೀ ದಿನ ನೀರಲ್ಲಿ ನೆನೆಸಿಟ್ಟೆ, ಏನೂ ಆಗಿಲ್ಲ. ಸುಮ್ನೆ ಜನರನ್ನ ಹೆದರಿಸಬೇಡಿ." ಸರಿ ಸ್ವಾಮಿ. ಯಾವ ನೀರು? ಎಷ್ಟು ಡಿಗ್ರಿ?

ಇದಕ್ಕೆ ಹಾಕೋ ಪಾಲಿಥಿನ್ನು, ಪಾಲಿಪ್ರೊಪಿಲೀನಿನಂಥ ಪ್ಲಾಸ್ಟಿಕ್ಕು ನೀರು ಕುಡಿಯಲ್ಲ ಅನ್ನೋದು ನಿಜ. ಕುಡಿಯೋದು ಹಲಗೆಯೊಳಗಿನ ಮರದ ಪುಡಿ. ಎಷ್ಟೋ ಹಲಗೆಗಳಲ್ಲಿ ಅರ್ಧಕ್ಕರ್ಧ ಅದೇ. ಮರದ ನಾರಲ್ಲಿರೋ ಸೆಲ್ಯುಲೋಸ್‌ನ ಹೈಡ್ರಾಕ್ಸಿಲ್ ಗುಂಪುಗಳಿಗೆ ನೀರಿನ ಅಣು ಸಿಕ್ಕಿದ್ರೆ ಹಿಡಿದು ಕೂರ್ತವೆ. ಪ್ಲಾಸ್ಟಿಕ್ಕು ಸುತ್ತ ಕಾವಲಿಗೆ ನಿಂತಿರುತ್ತೆ, ಅಷ್ಟೇ. ನೀರು ಬಿಸಿಯಾದಷ್ಟೂ ಅಣುಗಳ ಓಡಾಟ ಜಾಸ್ತಿ, ಕಾವಲಿನ ಬಿಗಿಯೂ ಸಡಿಲ. ಪೂರ್ತಿ ನೀರು ಕುಡಿಯೋಕೆ ತಣ್ಣೀರಲ್ಲಿ ತಿಂಗಳುಗಟ್ಟಲೆ ಹಿಡಿಯೋದು ಬಿಸಿನೀರಲ್ಲಿ ವಾರಗಳಲ್ಲೇ ಮುಗಿಯಬಹುದು.

ನಾನು ಒಂದೇ ಹಲಗೆಯಿಂದ ಎರಡು ತುಂಡು ಕೊಯ್ದೆ. ಒಂದು ತಣ್ಣೀರಿಗೆ, ಒಂದು 60 ಡಿಗ್ರಿ ನೀರಿಗೆ. ದಿನಾ ತೆಗೆಯೋದು, ಬಟ್ಟೆಯಲ್ಲಿ ಒರೆಸೋದು, ತೂಗೋದು. ತಣ್ಣೀರಿನದು ಒಂಚೂರು ಏರಿತು. ಬಿಸಿನೀರಿನದು ದಿನದಿನಕ್ಕೂ ಭಾರ. ಅದರ ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದ್ರೆ ಉಪ್ಪುಕಾಗದದ ಥರ ತರಿತರಿ. ಪುಡಿ ಉಬ್ಬಿ ಮೇಲೆದ್ದಿತ್ತು.

"ಕೊನೆಗೆ ಎರಡೂ ಕುಡಿಯೋದು ಹೆಚ್ಚುಕಡಿಮೆ ಒಂದೇ ಅಳತೆ ತಾನೇ" ಅಂತಾರೆ. ಆಗಿರಬಹುದು, ಎಷ್ಟೋ ಸಲ ಹಾಗೇ ಇರುತ್ತೆ. ಆದ್ರೆ ಪುಡಿ ಉಬ್ಬಿದಾಗ ಪ್ಲಾಸ್ಟಿಕ್ಕಿನ ಜೊತೆಗಿನ ಹಿಡಿತ ಬಿಡುತ್ತೆ, ಕೂದಲೆಳೆ ಬಿರುಕು ಬೀಳುತ್ತೆ. ಒಣಗಿಸಿದ್ರೆ ತೂಕ ಇಳಿಯುತ್ತೆ, ಬಿರುಕು ಮಾತ್ರ ಮುಚ್ಚಿಕೊಳ್ಳಲ್ಲ. ಮುಂದಿನ ಸಲ ನೀರಿಗೆ ದಾರಿ ಸಿದ್ಧ!

"ನಾವು ಮ್ಯಾಲೆಯಿಕ್ ಅನ್‌ಹೈಡ್ರೈಡ್ ಸೇರಿಸಿದ್ದೀವಿ" ಅನ್ನೋ ತಯಾರಕರಿಗೂ ಅದೇ ಪ್ರಶ್ನೆ. ಆ ರಾಸಾಯನಿಕ ಸೇರಿಸಿದ್ರೆ ಪುಡಿಗೂ ಪ್ಲಾಸ್ಟಿಕ್ಕಿಗೂ ಬೆಸುಗೆ ಗಟ್ಟಿಯಾಗುತ್ತೆ, ನೀರು ಹೀರೋದು ಕಡಿಮೆ ಆಗುತ್ತೆ, ಒಪ್ಪಿದೆ. ಎಷ್ಟು ಡಿಗ್ರಿಯಲ್ಲಿ ಅಳೆದ್ರಿ? ಪ್ಲಾಸ್ಟಿಕ್ಕು ಎಷ್ಟು ನೀರು ಹೀರುತ್ತೆ ಅಂತ ಅಳೆಯೋ ಎಎಸ್‌ಟಿಎಂ ಡಿ570 ಅನ್ನೋ ಮಾನದಂಡದ ಮಾಮೂಲಿ ಪರೀಕ್ಷೆ 23 ಡಿಗ್ರಿ ನೀರಲ್ಲಿ, 24 ಗಂಟೆ. ಅದೇ ಡಿ570ರಲ್ಲಿ ಕುದಿನೀರಿನ ವಿಧಾನವೂ ಇದೆ. ಆ ಅಂಕಿ ಎಲ್ಲಿ? 23 ಡಿಗ್ರಿಯ ಅಂಕಿ ತೋರಿಸಿ ಬಿಸಿನೀರು ಬೀಳೋ ಜಾಗಕ್ಕೆ ಹಲಗೆ ಮಾರೋದು ಮೋಸ. ಹೌದು, ಮೋಸ ಅಂತಲೇ ಹೇಳ್ತಿದ್ದೀನಿ.

ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ. ಮುಂದಿನ ವಾರ ಅಂಚಿಗೆ ಬಣ್ಣ ಬಳಿದ ತುಂಡನ್ನೂ ಮುಳುಗಿಸ್ತೀನಿ. "ಏನೂ ಆಗಿಲ್ಲ" ಅಂತ ಬರೆಯೋರು ನೀರಲ್ಲಿ ಥರ್ಮಾಮೀಟರ್ ಇಟ್ಟು ಫೋಟೋ ಹಾಕಿ. ಡಿಗ್ರಿ ಇಲ್ಲದ ಕಾಮೆಂಟಿಗೆ ಉತ್ತರ ಕೊಡಲ್ಲ. ಕೊಡಲ್ಲ ಅಂದ್ರೆ ಕೊಡಲ್ಲ.