ದೋಣಿಗೆ ಹೊಸ ಮೋಟಾರು ಬಂದಾಗ ಹಳೆಯದನ್ನು ಏನು ಮಾಡಬೇಕು?

(ದೃಶ್ಯ: ಬಾಗಲಕೋಟೆಯ ಸಮೀಪ ಆಲಮಟ್ಟಿ ಹಿನ್ನೀರಿನ ದಂಡೆ. ದೋಣಿಯಿಂದ ಬಿಚ್ಚಿದ ಹಳೆಯ ಮೋಟಾರು ಗೋಣಿಚೀಲದ ಮೇಲೆ ಮಲಗಿದೆ.)

ನಮಸ್ಕಾರ. ನೀವು ನೋಡುತ್ತಿರುವ, ಹಿಂಬದಿಯ ಹಲಗೆಗೆ ಸಿಕ್ಕಿಸುವ ಈ ಪೆಟ್ರೋಲ್ ಮೋಟಾರನ್ನು ದೋಣಿಯಿಂದ ಇಳಿಸಿ ಹತ್ತು ನಿಮಿಷವೂ ಆಗಿಲ್ಲ. ಅಷ್ಟರಲ್ಲಿಯೇ ಒಂದು ತಪ್ಪು ನಡೆದುಹೋಗಿದೆ. ಇಂಜಿನ್ ಇರುವ ತಲೆಯ ಭಾಗವನ್ನು ಇಳಿಜಾರಿನ ಕಡೆಗೆ, ಪ್ರೊಪೆಲರ್ ಇರುವ ಕಾಲಿನ ಭಾಗವನ್ನು ಎತ್ತರಕ್ಕೆ ಮಾಡಿ ಮಲಗಿಸಿದ್ದಾರೆ. ಹೀಗೆ ಮಲಗಿಸಿದರೆ ಕಾಲಿನೊಳಗೆ ಉಳಿದಿರುವ ನೀರು ಹಿಮ್ಮುಖವಾಗಿ ಹರಿದು ಸಿಲಿಂಡರನ್ನು ಸೇರುತ್ತದೆ. ಫೋರ್ ಸ್ಟ್ರೋಕ್ (ಆಯಿಲನ್ನು ಪೆಟ್ರೋಲಿಗೆ ಬೆರೆಸದೆ ಇಂಜಿನ್ನಿನಲ್ಲಿ ಬೇರೆಯಾಗಿ ತುಂಬುವ) ಮೋಟಾರಾದರೆ ಒಳಗಿನ ಆಯಿಲ್ ಕೂಡ ಬರಬಾರದ ಕಡೆಗೆ ಬರುತ್ತದೆ. ಆದ್ದರಿಂದ ಬಿಚ್ಚಿದ ಕೂಡಲೇ ಮೋಟಾರನ್ನು ನೆಟ್ಟಗೆ ನಿಲ್ಲಿಸಿ, ನೀರು ಪೂರ್ತಿ ಬಸಿಯುವವರೆಗೆ ಹಾಗೆಯೇ ಬಿಡಬೇಕು.

(ದೃಶ್ಯ: ಇಬ್ಬರು ಸೇರಿ ಮೋಟಾರನ್ನು ಮರದ ಅಡ್ಡೆಯ ಮೇಲೆ ನಿಲ್ಲಿಸುತ್ತಾರೆ.)

ಹಳೆಯ ಮೋಟಾರನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದು ಇಷ್ಟು ವರ್ಷ ಹಳೆಯದು ಎಂಬ ಒಂದೇ ಕಾರಣಕ್ಕೆ ಹಾಗೆ ಮಾಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೋಟಾರಿನ ಬೆಲೆಯನ್ನು ಹೇಳುವುದು ಅದರ ವಯಸ್ಸಲ್ಲ, ಅದರ ಒಳಗಿನ ಸ್ಥಿತಿ. ಆ ಸ್ಥಿತಿಯನ್ನು ತಿಳಿಯಲು ಒಂದು ಗಂಟೆಯ ಕೆಲಸ ಸಾಕು.

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ, ನೋಡೋಣ. ಇದಕ್ಕೆ ಬೇಕಾದ ಗೇಜು ಬೈಕ್ ಗ್ಯಾರೇಜುಗಳಲ್ಲಿಯೂ ಇರುತ್ತದೆ. ಇಗ್ನಿಷನ್ ಬಂದ್ ಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ಲಗ್ ಇದ್ದ ಜಾಗದಲ್ಲಿ ಗೇಜನ್ನು ಕೂರಿಸಿ, ಥ್ರಾಟಲನ್ನು (ವೇಗ ಹೆಚ್ಚಿಸುವ ಹಿಡಿಯನ್ನು) ಪೂರ್ತಿ ತೆರೆದು, ಚಾಲೂ ಮಾಡುವ ಹಗ್ಗವನ್ನು ನಾಲ್ಕೈದು ಬಾರಿ ಜೋರಾಗಿ ಎಳೆಯಬೇಕು. ಮುಳ್ಳು ಎಲ್ಲಿ ನಿಂತಿತು ಎಂಬುದನ್ನು ಬರೆದುಕೊಂಡು, ಮುಂದಿನ ಸಿಲಿಂಡರಿಗೆ ಹೋಗಬೇಕು. ಅಂಕಿ ಎಷ್ಟು ಬಂತು ಎಂಬುದಕ್ಕಿಂತ ಸಿಲಿಂಡರುಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಹೆಚ್ಚು ಗಮನಿಸಿ. ಅಂತರ ಶೇ 10ರಿಂದ 15ರ ಒಳಗಿದ್ದರೆ ಇಂಜಿನ್ನಿನ ಎದೆ ಇನ್ನೂ ಗಟ್ಟಿಯಾಗಿದೆ ಎಂದರ್ಥ. ಒಂದು ಮಾತ್ರ ತೀರಾ ಕೆಳಗಿದ್ದರೆ ರಿಂಗ್, ಪಿಸ್ಟನ್ ಅಥವಾ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

(ದೃಶ್ಯ: ಮೋಟಾರಿನ ಕಾಲಿನ ಭಾಗ ಹತ್ತಿರದಿಂದ. ಕೆಳಗೆ ಅಗಲವಾದ ಬುಟ್ಟಿ.)

ಎರಡನೆಯದು ಗೇರ್ ಆಯಿಲ್. ಕಾಲಿನ ಪಕ್ಕದಲ್ಲಿ ಮೇಲೊಂದು, ಕೆಳಗೊಂದು ಸ್ಕ್ರೂ ಕಾಣುತ್ತಿವೆ. ಮೊದಲು ಕೆಳಗಿನದನ್ನು, ಆಮೇಲೆ ಗಾಳಿಯಾಡಲು ಮೇಲಿನದನ್ನು ಬಿಚ್ಚಬೇಕು. ಈಗ ಬೀಳುತ್ತಿರುವ ಆಯಿಲ್‌ನ ಬಣ್ಣವನ್ನು ದಯವಿಟ್ಟು ಗಮನಿಸಿ: ಹಾಲು ಹಾಕಿದ ಚಹಾದಂತೆ ಬೆಳ್ಳಗಾಗಿದೆ. ನೀರು ತಡೆಯುವ ಸೀಲ್ ಸವೆದು ಒಳಗೆ ನೀರು ನುಗ್ಗಿದೆ ಎಂಬುದಕ್ಕೆ ಇದೇ ಸಾಕ್ಷಿ. ಇದರಲ್ಲಿ ಬೆರಳದ್ದಿ ಉಜ್ಜಿ ನೋಡಿದಾಗ ನುಣುಪಾದ ಬೂದುಬಣ್ಣದ ಜಿಡ್ಡಷ್ಟೇ ಸಿಕ್ಕರೆ ಗಾಬರಿಯಾಗಬೇಕಿಲ್ಲ, ಸೀಲ್ ಬದಲಿಸಿದರಾಯಿತು. ಆದರೆ ಉಗುರಿಗೆ ತಾಗುವ ಲೋಹದ ಚೂರುಗಳು ಸಿಕ್ಕರೆ ಗೇರಿನ ಹಲ್ಲುಗಳೇ ಮುರಿಯುತ್ತಿವೆ ಎಂದು ತಿಳಿಯಬೇಕು.

ಕಂಪ್ರೆಷನ್ ಚೆನ್ನಾಗಿರುವ ಮೋಟಾರನ್ನು ಹೊಸದನ್ನು ಕೊಳ್ಳುವ ಅಂಗಡಿಗೇ ವಿನಿಮಯಕ್ಕೆ ಕೊಡಬಹುದು, ಅಥವಾ ನೇರವಾಗಿ ಮಾರಬಹುದು. ಮಾರುವಾಗ ಎರಡು ಸಂಗತಿಗಳನ್ನು ತಪ್ಪದೆ ಹೇಳಿ. ಶಾಫ್ಟಿನ (ಇಂಜಿನ್ನಿನಿಂದ ಪ್ರೊಪೆಲರಿನ ಕಡೆಗೆ ಇಳಿಯುವ ಕಾಲಿನ) ಉದ್ದ 15 ಇಂಚೋ 20 ಇಂಚೋ ಎಂಬುದು ಒಂದು, ಏಕೆಂದರೆ ದೋಣಿಯ ಹಿಂಬದಿಯ ಹಲಗೆಯ ಎತ್ತರಕ್ಕೆ ಅದು ಹೊಂದದಿದ್ದರೆ ಮೋಟಾರು ಎಷ್ಟೇ ಚೆನ್ನಾಗಿದ್ದರೂ ಉಪಯೋಗವಿಲ್ಲ. ಇದು ಸಿಹಿನೀರಿನಲ್ಲಿ ಮಾತ್ರ ಓಡಿದ ಮೋಟಾರು ಎಂಬುದು ಇನ್ನೊಂದು. ಸಮುದ್ರದ ಉಪ್ಪುನೀರು, ಇಂಜಿನ್ನನ್ನು ತಂಪಾಗಿಡಲು ನೀರು ಹರಿಯುವ ದಾರಿಗಳನ್ನು ಒಳಗಿನಿಂದಲೇ ತಿನ್ನುತ್ತದೆ. ಕೃಷ್ಣೆಯಲ್ಲಿ ಓಡಿದ ಮೋಟಾರಿಗೆ ಆ ಬಾಧೆಯಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರು ಎಳೆದುಕೊಂಡು ಆ ನೀರನ್ನು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ (ತಿರುಗುವ ರೆಕ್ಕೆಚಕ್ರ) ಸವೆದಿರುತ್ತದೆ ಎಂಬುದು ನಿಜ, ಆದರೆ ಅದನ್ನು ಬದಲಿಸುವುದು ಸಣ್ಣ ಕೆಲಸ.

ಇಂಜಿನ್ ಕೆಟ್ಟಿದ್ದರೂ ಇಡಿಯಾಗಿ ಗುಜರಿಗೆ ಕೊಡಬೇಡಿ. ಕಾರ್ಬ್ಯುರೇಟರ್, ಇಗ್ನಿಷನ್ ಕಾಯಿಲ್, ಪ್ರೊಪೆಲರ್, ಸರಿಯಿರುವ ಗೇರ್ ಭಾಗ, ಇವುಗಳಿಗಾಗಿ ಅದೇ ಮಾದರಿಯ ಮೋಟಾರು ಇಟ್ಟುಕೊಂಡವರು ಕಾಯುತ್ತಿರುತ್ತಾರೆ. ಅಲ್ಯೂಮಿನಿಯಂ ಮೈ ಮಾತ್ರ ಗುಜರಿಗೆ ಹೋಗಲಿ.

ಆಪತ್ತಿಗಿರಲಿ ಎಂದು ಇಟ್ಟುಕೊಳ್ಳುವವರಿಗೆ ನನ್ನ ಅನುಭವದ ಒಂದು ಮಾತು. ನಮ್ಮ ಕಾಕಾನ ಮೋಟಾರನ್ನು ನಾನೇ ದನದ ಕೊಟ್ಟಿಗೆಯ ಮೂಲೆಯಲ್ಲಿ, ಪೆಟ್ರೋಲು ತೆಗೆಯದೆ ಇಟ್ಟಿದ್ದೆ. ಮುಂದಿನ ವರ್ಷ ಹೊಳೆ ತುಂಬಿದಾಗ ಅದು ಚಾಲೂ ಆಗಲಿಲ್ಲ. ಕಾರ್ಬ್ಯುರೇಟರಿನ ಬಟ್ಟಲನ್ನು ಬಿಚ್ಚಿದರೆ ಒಳಗೆ ಪೆಟ್ರೋಲೇ ಇರಲಿಲ್ಲ. ಬೆಲ್ಲದ ಪಾಕ ಆರಿದಂತಹ ಕಂದು ಅಂಟು, ಪೆಟ್ರೋಲು ಹಾದುಹೋಗುವ ಜೆಟ್ಟಿನ ಸಣ್ಣ ರಂಧ್ರವನ್ನು ಮುಚ್ಚಿತ್ತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಅದು ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಇಂಧನವನ್ನು ಪೂರ್ತಿ ಖಾಲಿ ಮಾಡಿ, ಪ್ಲಗ್‌ನ ರಂಧ್ರದಿಂದ ಸ್ವಲ್ಪ ಆಯಿಲ್ ಹಾಕಿ, ಹಗ್ಗವನ್ನು ನಿಧಾನವಾಗಿ ಎಳೆದು ಸಿಲಿಂಡರಿನ ಗೋಡೆಗೆ ಸವರಿ, ನೆಟ್ಟಗೆ ನಿಲ್ಲಿಸಿಯೇ ಇಡಿ. ಮತ್ತೆ ಚಾಲೂ ಮಾಡುವಾಗ ನೀರು ತುಂಬಿದ ಡ್ರಮ್ಮಿನಲ್ಲಿ ಕಾಲಿನ ಭಾಗ ಮುಳುಗಿರಲಿ. ನೀರಿಲ್ಲದೆ ಓಡಿಸಿದರೆ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲಿಯೇ ಹಾಳಾಗುತ್ತದೆ.

(ದೃಶ್ಯ: ಬುಟ್ಟಿಯ ಆಯಿಲನ್ನು ಮುಚ್ಚಳವಿರುವ ಕ್ಯಾನಿಗೆ ಸುರಿಯಲಾಗುತ್ತಿದೆ.)

ಈ ಬುಟ್ಟಿಯಲ್ಲಿರುವ ಆಯಿಲನ್ನು ದಂಡೆಯಲ್ಲಿ ಚೆಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಂಡಾಗಲೆಲ್ಲ ಹೊಟ್ಟೆಯುರಿದಿದೆ. ಘಟಪ್ರಭೆ, ಮಲಪ್ರಭೆ ಎರಡೂ ಬಂದು ಸೇರುವ ಈ ಕೃಷ್ಣೆಯ ನೀರನ್ನೇ ನಮ್ಮ ಊರುಗಳು ಕುಡಿಯುತ್ತವೆ, ಇದರಲ್ಲಿಯೇ ನಮ್ಮ ಮೀನು ಬೆಳೆಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಹಳೆಯ ಆಯಿಲ್ ಕೊಡುವ ಗ್ಯಾರೇಜಿಗೆ ಈ ಕ್ಯಾನನ್ನು ಮುಟ್ಟಿಸಿ. ಸೆಲ್ಫ್ ಸ್ಟಾರ್ಟಿನ ಬ್ಯಾಟರಿಯನ್ನು, ಹೊಸ ಬ್ಯಾಟರಿ ತರುವ ಅಂಗಡಿಗೇ ಹಿಂದಿರುಗಿಸಿ.

ಕೊನೆಯದಾಗಿ ಕಾಗದಪತ್ರ. ದೋಣಿಗೆ ಸಿಕ್ಕಿಸುವ ಬ್ರಾಕೆಟ್ಟಿನ ಮೇಲೆ ಇರುವ ಸೀರಿಯಲ್ ನಂಬರಿನ ಫೋಟೋ ತೆಗೆದು, ಮಾರಿದ ದಿನಾಂಕ, ಕೊಂಡವರ ಹೆಸರು ಮತ್ತು ಸಹಿ ಇರುವ ಒಂದು ಚೀಟಿಯೊಂದಿಗೆ ಇಟ್ಟುಕೊಳ್ಳಿ. ದೋಣಿ ನೋಂದಣಿಯಾಗಿದ್ದರೆ ಇಂಜಿನ್ ಬದಲಾದ ವಿವರವನ್ನು ನೋಂದಣಿ ಮಾಡಿದ ಕಚೇರಿಗೆ ಬರೆದು ತಿಳಿಸಿ, ಸ್ವೀಕೃತಿಯ ಪ್ರತಿಯನ್ನು ಪಡೆದುಕೊಳ್ಳಿ.