ಚಿಪ್ ಕಾರ್ಖಾನೆಗೆ ಕಾಯದೆ ಚಿಪ್ ವಿನ್ಯಾಸ ಕಲಿಯೋಣ

ನಮಸ್ಕಾರ. ಮೈಸೂರಿನಲ್ಲಿ ಚಿಪ್ ವಿಷಯ ಎದ್ದಾಗಲೆಲ್ಲ ಮಾತು ಕಾರ್ಖಾನೆಯ ಕಡೆಗೇ ತಿರುಗುತ್ತದೆ. 2022ರಲ್ಲಿ ಊರಿಗೆ ಹತ್ತಿರದ ಕೋಚನಹಳ್ಳಿಗೆ ಸಾವಿರಾರು ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಘಟಕ ಬರುತ್ತದೆಂಬ ಸುದ್ದಿ ಹಬ್ಬಿದಾಗ ಎಷ್ಟು ಎಕರೆ, ಎಷ್ಟು ಉದ್ಯೋಗ, ನೀರು ಎಲ್ಲಿಂದ ಎಂದು ಜನ ಕೇಳಿದರು; ಅವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಚಿಪ್‌ನೊಳಗೆ ಏನಿರಬೇಕೆಂದು ತೀರ್ಮಾನಿಸುವವರು ಯಾರು, ಅಂಥವರನ್ನು ತಯಾರು ಮಾಡುವುದು ಹೇಗೆ ಎಂದು ಕೇಳಿದವರು ಬಹಳ ಕಡಿಮೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಆರ್ಕಿಟೆಕ್ಚರ್ ಪಾಠ ಮಾಡುವ ನನ್ನ ಅಭಿಪ್ರಾಯ ಇಷ್ಟು: ಕಾರ್ಖಾನೆ ಬರಲಿ, ಬಿಡಲಿ, ಪ್ರೊಸೆಸರ್ ವಿನ್ಯಾಸದ ಕೆಲಸವನ್ನು ನಾವು ಈಗಲೇ ಕೈಗೆತ್ತಿಕೊಳ್ಳಬಹುದು. ಇದಕ್ಕೆ ನನಗೆ ಸಿಗುವ ಅತ್ಯಂತ ಗಟ್ಟಿಯಾದ ಆಧಾರ ಕಂಪ್ಯೂಟರ್ ಪ್ರೊಸೆಸರ್ ವಿನ್ಯಾಸ ಮಾಡುವ ಅಮೆರಿಕದ ಎಎಂಡಿ ಕಂಪನಿಯ ಝೆನ್ ಪೀಳಿಗೆಯ ಪ್ರೊಸೆಸರ್‌ಗಳು.

ಎಎಂಡಿ 2009ರಲ್ಲಿ ತನ್ನ ಚಿಪ್ ಕಾರ್ಖಾನೆಗಳನ್ನು ಗ್ಲೋಬಲ್‌ಫೌಂಡ್ರೀಸ್ ಎಂಬ ಬೇರೆ ಕಂಪನಿಯಾಗಿ ಪ್ರತ್ಯೇಕಿಸಿತು. 2011ರ ಅಕ್ಟೋಬರ್‌ನಲ್ಲಿ ಅದರ ಬುಲ್ಡೋಜರ್ ವಿನ್ಯಾಸ ಮಾರುಕಟ್ಟೆಗೆ ಬಂತು. ಅದರಲ್ಲಿ ಎರಡೆರಡು ಕೋರ್‌ಗಳನ್ನು, ಅಂದರೆ ಲೆಕ್ಕ ಮಾಡುವ ಘಟಕಗಳನ್ನು, ಒಂದು ಮಾಡ್ಯೂಲ್‌ನಲ್ಲಿ ಸೇರಿಸಿ, ಪ್ರೋಗ್ರಾಂನ ಸೂಚನೆಗಳನ್ನು ತಂದು ಬಿಡಿಸುವ ಭಾಗವನ್ನೂ ದಶಮಾಂಶ ಸಂಖ್ಯೆಗಳ ಲೆಕ್ಕ ಮಾಡುವ ಫ್ಲೋಟಿಂಗ್ ಪಾಯಿಂಟ್ ಘಟಕವನ್ನೂ ಎರಡಕ್ಕೂ ಸೇರಿ ಒಂದೇ ಇಟ್ಟಿದ್ದರು. ಒಂದೇ ಒಲೆಯಲ್ಲಿ ಎರಡು ಸಂಸಾರದ ಅಡುಗೆ ಆಗಬೇಕಾದಂಥ ಏರ್ಪಾಡು ಅದು. ಜಾಗ ಉಳಿಯಿತು, ಪೆಟ್ಟಿಗೆಯ ಮೇಲೆ ಎಂಟು ಕೋರ್ ಎಂದು ಬರೆಯುವುದಕ್ಕೂ ಆಯಿತು. ಆದರೆ ಆಗಿನ ಬಹುಪಾಲು ಸಾಫ್ಟ್‌ವೇರ್ ಒಂದೆರಡು ಕೋರ್‌ಗಳ ವೇಗವನ್ನೇ ನೆಚ್ಚಿಕೊಂಡಿದ್ದರಿಂದ, ಪ್ರತಿ ಕ್ಲಾಕ್ ಸೈಕಲ್‌ನಲ್ಲಿ, ಅಂದರೆ ಚಿಪ್‌ನ ಗಡಿಯಾರದ ಒಂದೊಂದು ಮಿಡಿತದಲ್ಲಿ, ಕಡಿಮೆ ಕೆಲಸ ಮಾಡುವ ಈ ಕೋರ್‌ಗಳು ಪ್ರತಿಸ್ಪರ್ಧಿ ಇಂಟೆಲ್ ಎದುರು ನಿಲ್ಲಲಿಲ್ಲ.

2012ರಲ್ಲಿ ಹೆಸರಾಂತ ಚಿಪ್ ವಿನ್ಯಾಸಕ ಜಿಮ್ ಕೆಲ್ಲರ್ ಎಎಂಡಿಗೆ ಮರಳಿದರು. ಮೈಕ್ ಕ್ಲಾರ್ಕ್ ಮುಖ್ಯ ವಿನ್ಯಾಸಕರಾಗಿ ಹೊಸ ಕೋರ್‌ನ ಕೆಲಸವನ್ನು ಮುನ್ನಡೆಸಿದರು. ಹಳೆಯದನ್ನು ತೇಪೆ ಹಾಕಿ ನಡೆಸುವ ಬದಲು ಮೊದಲಿನಿಂದ ಶುರುಮಾಡಿ, ಪ್ರತಿ ಸೈಕಲ್‌ನಲ್ಲಿ ಶೇ 40ರಷ್ಟು ಹೆಚ್ಚು ಕೆಲಸ ಆಗಬೇಕೆಂಬ ಗುರಿ ಇಟ್ಟುಕೊಂಡರು. ಆ ವರ್ಷಗಳಲ್ಲಿ ಕಂಪನಿಯ ಬಳಿ ಮಾರುವುದಕ್ಕೆ ಹಳೆಯ ವಿನ್ಯಾಸವೇ ಇತ್ತು. 2015ರಲ್ಲಿ ಅದರ ಷೇರಿನ ಬೆಲೆ ಎರಡು ಡಾಲರ್‌ಗಿಂತ ಕೆಳಗೆ ಇಳಿಯಿತು. ಅಂಥ ಹೊತ್ತಿನಲ್ಲೂ ಆ ತಂಡವನ್ನು ಒಡೆಯದೆ ಉಳಿಸಿಕೊಂಡದ್ದನ್ನು ನಾನು ಯಾವ ತಾಂತ್ರಿಕ ಸಾಧನೆಗಿಂತಲೂ ದೊಡ್ಡದೆಂದು ಎಣಿಸುತ್ತೇನೆ. 2017ರ ಮಾರ್ಚ್‌ನಲ್ಲಿ ರೈಜನ್ ಹೆಸರಿನಲ್ಲಿ ಝೆನ್ ಹೊರಬಂದಾಗ, ಗುರಿಯನ್ನೂ ಮೀರಿ ಶೇ 52ರಷ್ಟು ಏರಿಕೆಯಾಗಿದೆಯೆಂದು ಕಂಪನಿ ಹೇಳಿತು.

ಈ ಏರಿಕೆ ಎಲ್ಲಿಂದ ಬಂತೆಂಬುದರ ಒಂದು ತುಣುಕನ್ನು ನಮ್ಮ ಲ್ಯಾಬ್‌ನಲ್ಲೇ ನೋಡಬಹುದು. ವಿದ್ಯಾರ್ಥಿಗಳಿಗೆ ನಾನು ಒಂದು ಚಿಕ್ಕ ಸಿ ಪ್ರೋಗ್ರಾಂ ಕೊಡುತ್ತೇನೆ: ಸೊನ್ನೆಯಿಂದ 255ರ ಒಳಗಿನ ಸಾವಿರಾರು ಸಂಖ್ಯೆಗಳಲ್ಲಿ 128ಕ್ಕಿಂತ ದೊಡ್ಡವನ್ನು ಮಾತ್ರ ಕೂಡಿಸಬೇಕು, ಅದನ್ನೇ ಮತ್ತೆ ಮತ್ತೆ ಮಾಡಬೇಕು, ಕಂಪೈಲರ್‌ನ ಆಪ್ಟಿಮೈಸೇಶನ್, ಅಂದರೆ ಪ್ರೋಗ್ರಾಂ ಅನ್ನು ತಾನಾಗಿ ಚುರುಕುಗೊಳಿಸುವ ಸೌಲಭ್ಯ, ಬಂದ್ ಇರಬೇಕು. ಸಂಖ್ಯೆಗಳು ಅಡ್ಡಾದಿಡ್ಡಿಯಾಗಿದ್ದಾಗ ಹಿಡಿಯುವ ಸಮಯಕ್ಕೂ ಅವನ್ನೇ ಏರಿಕೆಯ ಕ್ರಮದಲ್ಲಿ ಜೋಡಿಸಿಟ್ಟಾಗ ಹಿಡಿಯುವ ಸಮಯಕ್ಕೂ ಕಣ್ಣಿಗೆ ರಾಚುವಷ್ಟು ವ್ಯತ್ಯಾಸ ಬರುತ್ತದೆ. ಸಂಖ್ಯೆ 128ಕ್ಕಿಂತ ದೊಡ್ಡದು ಎಂಬ ಷರತ್ತು ನಿಜವಾಗುತ್ತದೆಯೋ ಇಲ್ಲವೋ ಎಂಬುದನ್ನು ಪ್ರೊಸೆಸರ್ ಮೊದಲೇ ಊಹಿಸಿ ಮುಂದಿನ ಕೆಲಸ ಶುರುಮಾಡಿರುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನೆಲ್ಲ ಬಿಸಾಡಿ ಹಿಂದಕ್ಕೆ ಬರಬೇಕು. ಜೋಡಿಸಿದ ಸಂಖ್ಯೆಗಳಲ್ಲಿ ಊಹೆ ತಪ್ಪುವುದು ಅಪರೂಪ. ಝೆನ್ ತಂಡ ಈ ಊಹಿಸುವ ಭಾಗಕ್ಕೆ ಪರ್ಸೆಪ್ಟ್ರಾನ್ ಎಂಬ, ಹಿಂದಿನ ಅನುಭವದಿಂದ ಕಲಿಯುವ ವಿಧಾನವನ್ನು ಬಳಸಿತು. ಬಿಡಿಸಿದ ಸೂಚನೆಗಳನ್ನು ಮತ್ತೆ ಬಿಡಿಸದಂತೆ ಎತ್ತಿಡುವ ಒಂದು ಕ್ಯಾಶ್ ಅನ್ನೂ, ಅಂದರೆ ಚಿಪ್‌ನೊಳಗಿನ ಸಣ್ಣ, ವೇಗದ ಮೆಮೊರಿಯನ್ನೂ, ಸೇರಿಸಿತು. ಇವು ಸಾಲುಗಟ್ಟಲೆ ಪ್ರಯೋಗ ಮಾಡಿ ಆರಿಸಿಕೊಳ್ಳಬೇಕಾದ ತೀರ್ಮಾನಗಳು, ಆ ಪ್ರಯೋಗಗಳು ನಡೆಯುವುದು ಸಿಮ್ಯುಲೇಟರ್‌ನಲ್ಲಿ, ಅಂದರೆ ಚಿಪ್ ತಯಾರಾಗುವ ಮೊದಲೇ ಅದನ್ನು ಅನುಕರಿಸುವ ಸಾಫ್ಟ್‌ವೇರ್‌ನಲ್ಲಿ.

ಮೊದಲ ಝೆನ್‌ನಲ್ಲಿ ಕೊರತೆಗಳೂ ಇದ್ದವು. ನಾಲ್ಕು ಕೋರ್‌ಗಳ ಒಂದು ಗುಂಪಿಗೆ ಹಂಚಿಕೊಳ್ಳಲು 8 ಎಂಬಿಯ ಎಲ್3 (ಮೂರನೇ ಹಂತದ) ಕ್ಯಾಶ್ ಇತ್ತು. ಒಂದು ಗುಂಪಿನ ಕೋರ್‌ಗೆ ಇನ್ನೊಂದು ಗುಂಪಿನಲ್ಲಿರುವ ಮಾಹಿತಿ ಬೇಕಾದರೆ ಬಹಳ ಹೊತ್ತು ಕಾಯಬೇಕಾಗುತ್ತಿತ್ತು. 2020ರ ಝೆನ್ 3ರಲ್ಲಿ ಎಂಟು ಕೋರ್‌ಗಳಿಗೂ ಸೇರಿ 32 ಎಂಬಿಯ ಒಂದೇ ಕ್ಯಾಶ್ ಕೊಟ್ಟು ಆ ತೊಡಕನ್ನು ನಿವಾರಿಸಿದರು. ನಡುವಿನ ಝೆನ್ 2, 2019ರಲ್ಲಿ, ಕೋರ್‌ಗಳನ್ನು ಮಾತ್ರ ತೈವಾನ್‌ನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯ ದುಬಾರಿ 7 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಸಣ್ಣ ತುಂಡುಗಳಾಗಿ ಮಾಡಿಸಿ, ಮೆಮೊರಿ ಮತ್ತು ಹೊರಸಂಪರ್ಕದ ಭಾಗವನ್ನು ಗ್ಲೋಬಲ್‌ಫೌಂಡ್ರೀಸ್‌ನ ಹಳೆಯ ತಂತ್ರಜ್ಞಾನದಲ್ಲೇ ಉಳಿಸಿಕೊಂಡಿತು. ಕಾರ್ಖಾನೆ ಇಲ್ಲದೆ ಚಿಪ್ ಇಲ್ಲ, 7 ನ್ಯಾನೋಮೀಟರ್‌ನ ಲಾಭವೂ ಸಣ್ಣದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಯಾವ ಭಾಗಕ್ಕೆ ಆ ದುಬಾರಿ ತಂತ್ರಜ್ಞಾನ ಬೇಕು, ಯಾವುದಕ್ಕೆ ಬೇಡ ಎಂದು ಕಂಡುಕೊಂಡದ್ದು ಸ್ವಂತ ಕಾರ್ಖಾನೆಯಿಲ್ಲದ ಕಂಪನಿಯ ವಿನ್ಯಾಸಕರು.

ಇದೇ ಎಎಂಡಿ 2023ರಲ್ಲಿ ಬೆಂಗಳೂರಿನಲ್ಲಿ ದೊಡ್ಡದೊಂದು ವಿನ್ಯಾಸ ಕೇಂದ್ರ ತೆರೆಯಿತು. ಮಂಡ್ಯದ ಹುಡುಗಿಗೆ ಅದು ಎರಡು ಗಂಟೆಯ ದಾರಿ. ನಮ್ಮ ಮೈಕ್ರೊಪ್ರೊಸೆಸರ್ ಲ್ಯಾಬ್‌ನಲ್ಲಾದರೋ 1976ರ 8085 ಪ್ರೊಸೆಸರ್‌ನ ಕಿಟ್ ಮುಂದೆ ಕುಳಿತು, ಎಂವಿಐ ಎ ಎಂಬ ಸೂಚನೆಗೆ 3ಇ ಎಂದು ಕೀಲಿ ಒತ್ತುವುದರಲ್ಲೇ ಅವಳ ಸೆಮಿಸ್ಟರ್ ಮುಗಿದಿರುತ್ತದೆ. 8085 ಕಲಿಸುವುದು ತಪ್ಪಲ್ಲ, ಅಲ್ಲಿಗೇ ನಿಲ್ಲಿಸುವುದು ಅನ್ಯಾಯ. ರಿಸ್ಕ್-ಫೈವ್ ಎಂಬ ಸೂಚನಾ ವ್ಯವಸ್ಥೆಯನ್ನು, ಅಂದರೆ ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳ ಪಟ್ಟಿಯನ್ನು, ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ಐಐಟಿ ಮದ್ರಾಸ್ ಅದರ ಆಧಾರದ ಮೇಲೆ ಕಟ್ಟಿದ ಶಕ್ತಿ ಪ್ರೊಸೆಸರ್‌ನ ಮೂಲ ವಿನ್ಯಾಸ ಎಲ್ಲರಿಗೂ ಮುಕ್ತವಾಗಿದೆ. ಚಿಪ್ ವಿನ್ಯಾಸ ಬರೆಯುವ ವೆರಿಲಾಗ್ ಭಾಷೆಗೆ ಉಚಿತ ಸಿಮ್ಯುಲೇಟರ್‌ಗಳು ಸಿಗುತ್ತವೆ, ಬರೆದ ವಿನ್ಯಾಸವನ್ನು ಹಾಕಿ ನಡೆಸಿ ನೋಡಬಹುದಾದ ಒಂದು ಎಫ್‌ಪಿಜಿಎ ಬೋರ್ಡ್ ಇಡೀ ತಂಡಕ್ಕೆ ಸಾಕು.

ನನ್ನ ಸಲಹೆ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಸಂಬಂಧಿಸಿದ್ದು. ಈಗ ಪ್ರತಿ ತಂಡವೂ ಸೊನ್ನೆಯಿಂದ ಶುರುಮಾಡಿ, ವೈವಾ ಮುಗಿದ ಮೇಲೆ ಸಿಡಿಯನ್ನು ಕಪಾಟಿಗೆ ಸೇರಿಸುತ್ತದೆ. ಅದರ ಬದಲು ಈ ವರ್ಷದವರು ಒಂದು ಸರಳ ರಿಸ್ಕ್-ಫೈವ್ ಕೋರ್ ಬರೆದು, ಅದರ ಪರೀಕ್ಷೆಗಳನ್ನೂ ಬಗೆಹರಿಯದ ದೋಷಗಳ ಪಟ್ಟಿಯನ್ನೂ ಸೇರಿಸಿ ಕಿರಿಯರಿಗೆ ಒಪ್ಪಿಸಲಿ. ಮುಂದಿನ ತಂಡ ಅದಕ್ಕೆ ಪೈಪ್‌ಲೈನ್, ಅಂದರೆ ಒಂದು ಸೂಚನೆ ಮುಗಿಯುವ ಮೊದಲೇ ಮುಂದಿನದನ್ನು ಶುರುಮಾಡುವ ಏರ್ಪಾಡು, ಜೋಡಿಸಲಿ, ಅದರ ನಂತರದವರು ಊಹಿಸುವ ಭಾಗವನ್ನು ಸೇರಿಸಿ, ವೇಗ ಎಷ್ಟು ಹೆಚ್ಚಿತೆಂದು ಅಳೆಯಲಿ. ಮೈಸೂರು ಮತ್ತು ಮಂಡ್ಯದ ಕಾಲೇಜುಗಳ ವಿಭಾಗ ಮುಖ್ಯಸ್ಥರು ಇದನ್ನು ಕೇಳುತ್ತಿದ್ದರೆ, ಬರುವ ವರ್ಷದ ಪ್ರಾಜೆಕ್ಟ್‌ಗಳನ್ನು ಹಂಚುವ ಮೊದಲು ಇಂಥದ್ದೊಂದನ್ನು ಪಟ್ಟಿಗೆ ಸೇರಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.